ಒಂದೇ ವಾರ್ಡು, ಎರಡು ಲೆಕ್ಕ: ಬ್ರಿಟನ್ನಿನ ಉಪಚುನಾವಣೆಯ ಮತ ಪ್ರಮಾಣ

ಓದುಗರ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕರ ಉತ್ತರ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ನರ್ಸ್. ಅಲ್ಲಿಯ ಪೌರತ್ವ ಇಲ್ಲದಿದ್ದರೂ ತನ್ನ ವಾರ್ಡಿನ ಕೌನ್ಸಿಲ್ ಉಪಚುನಾವಣೆಯಲ್ಲಿ ಮತ ಹಾಕಿದಳಂತೆ. ಫಲಿತಾಂಶ ಬಂದ ಮೇಲೆ ಲೇಬರ್ ಪಕ್ಷದ ಮತ ಪ್ರಮಾಣ ಇಳಿದಿದೆ ಎಂದು ಒಂದು ಕಡೆ, ಏರಿದೆ ಎಂದು ಇನ್ನೊಂದು ಕಡೆ ಓದಿದೆವು. ಎರಡೂ ಕಡೆ ಮತಗಳ ಸಂಖ್ಯೆ ಒಂದೇ. ಇವುಗಳಲ್ಲಿ ಸುಳ್ಳು ಯಾವುದು?
— ಓದುಗರು, ಬಿಜೈ, ಮಂಗಳೂರು

ಉತ್ತರ: ಎರಡೂ ನಿಜವಿರಬಹುದು. ಮೊದಲು ನಿಮ್ಮ ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಅಲ್ಲಿ ನೆಲೆಸಲು ಪರವಾನಗಿ ಇದ್ದು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮತ ಹಾಕಬಹುದು. ನಮ್ಮೂರಿನ ಮಕ್ಕಳು ಇದು ಗೊತ್ತಿಲ್ಲದೆ ಆ ಹಕ್ಕನ್ನು ಬಿಟ್ಟುಬಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನ ಅನೇಕ ವಾರ್ಡ್‌ಗಳಿಗೆ ಇಬ್ಬರು ಅಥವಾ ಮೂವರು ಸದಸ್ಯರಿರುತ್ತಾರೆ. 60 ವಾರ್ಡ್‌ಗಳಿಗೆ 60 ಸದಸ್ಯರು ಎಂಬ ಮಂಗಳೂರು ಮಹಾನಗರ ಪಾಲಿಕೆಯ ಪದ್ಧತಿಗೆ ಒಗ್ಗಿದವರಿಗೆ ಇದು ಹೊಸದು. ಗ್ರಾಮ ಪಂಚಾಯತ್ ಚುನಾವಣೆ ಕಂಡವರಿಗೆ ಹೊಸದಲ್ಲ. ಪಂಚಾಯತ್ ಮತ ಎಣಿಕೆಯ ಮೇಜಿನಲ್ಲಿ ನಾನೂ ಕುಳಿತಿದ್ದೇನೆ. ಮತಪತ್ರ ಬಿಡಿಸಿದರೆ ಒಂದರಲ್ಲಿ ಮೂರು ಮುದ್ರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಒಂದೇ ಒಂದು. ಅಭ್ಯರ್ಥಿವಾರು ಕಟ್ಟು ಕಟ್ಟಿಡೋಣವೆಂದರೆ ಆಗುವುದಿಲ್ಲ, ಏಕೆಂದರೆ ಒಂದೇ ಪತ್ರ ಮೂವರಿಗೂ ಸೇರಿದ್ದು. ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಹಾಳೆಯ ಮೇಲೆ ಗೆರೆ ಎಳೆಯುತ್ತಾ ಹೋಗುತ್ತಾರೆ. ಕೊನೆಗೆ ಕೂಡಿಸಿದಾಗ ಬಂದ ಮತಗಳ ಮೊತ್ತ, ಮತಗಟ್ಟೆಗೆ ಬಂದ ಮತದಾರರ ಸಂಖ್ಯೆಗಿಂತ ಎಷ್ಟೋ ಹೆಚ್ಚಿರುತ್ತದೆ. ಇಂಗ್ಲೆಂಡಿನ ಮೂರು ಸ್ಥಾನದ ವಾರ್ಡಿನಲ್ಲೂ ಹೀಗೆಯೇ. ಒಬ್ಬ ಮತದಾರ ಮೂರು ಗುರುತಿನವರೆಗೆ ಹಾಕಬಹುದು, ಒಂದನ್ನೇ ಹಾಕಿ ಬರಲೂಬಹುದು.

ಆದರೆ ಉಪಚುನಾವಣೆ ಒಂದು ಸ್ಥಾನಕ್ಕೆ ಮಾತ್ರ. ಅಲ್ಲಿ ಒಬ್ಬರಿಗೆ ಒಂದೇ ಮತ. ಹಿಂದಿನ ಮೂರು ಮತದ ಚುನಾವಣೆಯನ್ನು ಈಗಿನ ಒಂದು ಮತದ ಚುನಾವಣೆಗೆ ಹೋಲಿಸಬೇಕಾದರೆ ಹಿಂದಿನದನ್ನು ಮೊದಲು ಹೇಗಾದರೂ ಶೇಕಡಾವಾರಿಗೆ ಇಳಿಸಬೇಕು. ಅದಕ್ಕೆ ದಾರಿಗಳು ಒಂದಕ್ಕಿಂತ ಹೆಚ್ಚು.

ಒಂದು ಕಲ್ಪಿತ ವಾರ್ಡ್ ತೆಗೆದುಕೊಳ್ಳೋಣ. ಕಳೆದ ಬಾರಿ ಕನ್ಸರ್ವೇಟಿವ್ ಪಕ್ಷದ ಮೂವರು ಅಭ್ಯರ್ಥಿಗಳಿಗೆ 900, 850, 800 ಮತ. ಲಿಬರಲ್ ಡೆಮಾಕ್ರಾಟ್ ಪಕ್ಷದ ಮೂವರಿಗೆ 600, 400, 350. ಲೇಬರ್ ಪಕ್ಷ ಒಬ್ಬರನ್ನೇ ನಿಲ್ಲಿಸಿತ್ತು, ಅವರಿಗೆ 700. ಈಗಿನ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ 500, ಲಿಬರಲ್ ಡೆಮಾಕ್ರಾಟ್ 450, ಲೇಬರ್ 300. ಅಂದರೆ ಕ್ರಮವಾಗಿ ಶೇ 40, ಶೇ 36, ಶೇ 24.

ಪ್ರತಿ ಪಕ್ಷದಲ್ಲಿ ಅತಿ ಹೆಚ್ಚು ಮತ ಪಡೆದ ಒಬ್ಬರನ್ನು ಮಾತ್ರ ಹಿಡಿದರೆ ಹಿಂದಿನ ಲೆಕ್ಕ 900, 700, 600. ಆಗ ಕನ್ಸರ್ವೇಟಿವ್ ಶೇ 40.9, ಲೇಬರ್ ಶೇ 31.8, ಲಿಬರಲ್ ಡೆಮಾಕ್ರಾಟ್ ಶೇ 27.3. ಇದಕ್ಕೆ ಹೋಲಿಸಿದರೆ ಲೇಬರ್ ಈಗ 7.8 ಅಂಶ ಇಳಿದಿದೆ. ಇನ್ನೊಬ್ಬರು ಪಕ್ಷದ ಎಲ್ಲ ಅಭ್ಯರ್ಥಿಗಳ ಮತವನ್ನೂ ಕೂಡಿಸುತ್ತಾರೆ: 2,550, 1,350, 700. ಆಗ ಲೇಬರ್ ಪಕ್ಷದ ಹಿಂದಿನ ಪಾಲು ಶೇ 15.2 ಮಾತ್ರ. ಇದಕ್ಕೆ ಹೋಲಿಸಿದರೆ ಅದೇ ಲೇಬರ್ 8.8 ಅಂಶ ಏರಿದೆ. ಕನ್ಸರ್ವೇಟಿವ್ ಮೊದಲ ಲೆಕ್ಕದಲ್ಲಿ 0.9 ಅಂಶ ಕಳೆದುಕೊಂಡರೆ ಎರಡನೆಯದರಲ್ಲಿ 15.4 ಅಂಶ ಕಳೆದುಕೊಳ್ಳುತ್ತದೆ. ಒಂದೇ ಒಂದು ಮತ ಆಚೀಚೆ ಆಗಿಲ್ಲ.

ನನ್ನನ್ನು ಕೇಳಿದರೆ ಮೊದಲನೆಯ ಲೆಕ್ಕವೇ ಹೆಚ್ಚು ನ್ಯಾಯವಾದದ್ದು. ಮೂರು ಸ್ಥಾನಕ್ಕೆ ಒಬ್ಬರನ್ನೇ ನಿಲ್ಲಿಸಿದ ಪಕ್ಷವನ್ನು ಎರಡನೆಯ ಲೆಕ್ಕ ಸುಮ್ಮನೆ ಕುಗ್ಗಿಸಿ ತೋರಿಸುತ್ತದೆ. ಹಾಗೆಂದು ಮೊದಲನೆಯದೂ ನಿರ್ದೋಷಿಯಲ್ಲ. ಮೂವರಲ್ಲಿ ಒಬ್ಬರು ಊರಿಗೆಲ್ಲ ಬೇಕಾದವರಾಗಿದ್ದರೆ ಅವರ ಸ್ವಂತ ವರ್ಚಸ್ಸೂ ಪಕ್ಷದ ಖಾತೆಗೆ ಜಮೆಯಾಗುತ್ತದೆ. ಯಾವ ಲೆಕ್ಕ ಹಿಡಿದಿದ್ದೇವೆ ಎಂದು ಹೇಳದೆ ಪ್ಲಸ್, ಮೈನಸ್ ಮಾತ್ರ ಪ್ರಕಟಿಸುವುದು ಓದುಗರಿಗೆ ಮಾಡುವ ಅನ್ಯಾಯ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಇನ್ನೊಂದನ್ನೂ ಗಮನಿಸಿ. ಲಿಬರಲ್ ಡೆಮಾಕ್ರಾಟ್ ಎರಡೂ ಲೆಕ್ಕದಲ್ಲಿ ಏರಿದೆ. ಆದರೆ ಅವರ ಮುಂಚೂಣಿ ಅಭ್ಯರ್ಥಿಯ ಮತ 600ರಿಂದ 450ಕ್ಕೆ ಇಳಿದಿದೆ. ಕೌನ್ಸಿಲ್ ಉಪಚುನಾವಣೆಯಲ್ಲಿ ನೂರು ಮತದಾರರಲ್ಲಿ ಇಪ್ಪತ್ತು, ಮೂವತ್ತು ಮಂದಿ ಬಂದರೆ ಅದೇ ಮಾಮೂಲು. ಕೆಲವೆಡೆ ಅಷ್ಟೂ ಇಲ್ಲ. ಇಂಥಲ್ಲಿ ತನ್ನವರನ್ನು ಹೆಚ್ಚು ಕಳೆದುಕೊಳ್ಳದ ಪಕ್ಷ ಏರಿದಂತೆ ಕಾಣುತ್ತದೆ. ಹೊಸಬರು ಒಲಿದು ಬಂದರೋ, ಎದುರಾಳಿಯ ಬೆಂಬಲಿಗರು ಮನೆಯಲ್ಲೇ ಉಳಿದರೋ ಎಂಬುದನ್ನು ಶೇಕಡಾವಾರು ಹೇಳಲಾರದು. ಹಾಗಾಗಿ ಮತಗಳ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಿ.

ಪ್ರಶ್ನೆ: ರಿಫಾರ್ಮ್ ಯುಕೆ ಪಕ್ಷದ ಮುಂದೆ ಕೆಲವು ವಾರ್ಡ್‌ಗಳಲ್ಲಿ ಪ್ಲಸ್ 30, ಪ್ಲಸ್ 40 ಎಂದು ಬರೆದಿರುತ್ತದೆ. ಒಂದು ಪಕ್ಷ ಒಮ್ಮೆಲೇ ಅಷ್ಟು ಬೆಳೆಯಲು ಸಾಧ್ಯವೇ?
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಹಿಂದಿನ ಪಟ್ಟಿಯಲ್ಲಿ ಆ ಪಕ್ಷದ ಅಭ್ಯರ್ಥಿ ಇದ್ದರೇ ಎಂದು ಮೊದಲು ನೋಡಿ. 2023ರ ಮೇ ತಿಂಗಳ ಕೌನ್ಸಿಲ್ ಚುನಾವಣೆಯಲ್ಲಿ ರಿಫಾರ್ಮ್ ಬಹುಪಾಲು ವಾರ್ಡ್‌ಗಳಲ್ಲಿ ಕಣದಲ್ಲೇ ಇರಲಿಲ್ಲ. ಇಲ್ಲದ ಪಕ್ಷಕ್ಕೆ ಸೊನ್ನೆ ಎಂದು ಹಾಕಿ, ಈಗಿನ ಪಾಲನ್ನು ಪೂರ್ತಿ ಏರಿಕೆ ಎಂದು ತೋರಿಸುತ್ತಾರೆ. ಆದರೆ ಸ್ಪರ್ಧಿಸಿ ಸೊನ್ನೆ ಪಡೆಯುವುದು ಬೇರೆ, ಸ್ಪರ್ಧಿಸದೇ ಇರುವುದು ಬೇರೆ. ಆಗಲೇ ಅಭ್ಯರ್ಥಿ ಇದ್ದಿದ್ದರೆ ಎಷ್ಟು ಬರುತ್ತಿತ್ತು ಎಂಬುದು ಯಾರಿಗೂ ತಿಳಿಯದ ಸಂಖ್ಯೆ. ಅದನ್ನು ಸೊನ್ನೆ ಎಂದು ಹಿಡಿಯುವುದು ಅನುಕೂಲಕ್ಕಾಗಿ ಅಷ್ಟೇ.

ಇದರ ಪೆಟ್ಟು ಉಳಿದವರಿಗೂ ಬೀಳುತ್ತದೆ. ಎಲ್ಲ ಪಕ್ಷಗಳ ಏರಿಳಿತವನ್ನು ಕೂಡಿಸಿದರೆ ಸೊನ್ನೆಯೇ ಬರಬೇಕು. ಹೊಸಬರಿಗೆ ಪ್ಲಸ್ 35 ಎಂದಾದರೆ ಹಳಬರೆಲ್ಲ ಸೇರಿ ಮೈನಸ್ 35 ಹೊರಲೇಬೇಕು. ಹಿಂದೆ ಗೆದ್ದವರ ಪಾಲು ದೊಡ್ಡದಾದ್ದರಿಂದ ಸಾಮಾನ್ಯವಾಗಿ ಹೆಚ್ಚು ಇಳಿಯುವವರೂ ಅವರೇ. ಇದರ ಇನ್ನೊಂದು ಮಗ್ಗುಲೂ ಇದೆ: ಹಿಂದೆ ಇದ್ದ ಗ್ರೀನ್ ಪಕ್ಷವೋ ಸ್ಥಳೀಯ ಪಕ್ಷೇತರರೋ ಈ ಬಾರಿ ಕಣಕ್ಕಿಳಿಯದಿದ್ದರೆ ಅವರ ಮತಗಳು ಚದುರಿ, ಏನೂ ಮಾಡದ ಪಕ್ಷಗಳಿಗೂ ಪ್ಲಸ್ ಬರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಆ ಪಕ್ಷ ಬೆಳೆದೇ ಇಲ್ಲ ಎಂದು ತಿಳಿಯಬೇಡಿ. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ 677 ಸ್ಥಾನ ಗೆದ್ದಿತು. ಅದೇ ದಿನ ರನ್‌ಕಾರ್ನ್ ಮತ್ತು ಹೆಲ್ಸ್‌ಬಿ ಸಂಸತ್ ಸ್ಥಾನವನ್ನು ಉಪಚುನಾವಣೆಯಲ್ಲಿ ಲೇಬರ್ ಪಕ್ಷದಿಂದ 6 ಮತಗಳ ಅಂತರದಲ್ಲಿ ಕಿತ್ತುಕೊಂಡಿತು. ಬೆಳವಣಿಗೆ ನಿಜ. ಆದರೆ ಅದಕ್ಕೆ ಸಾಕ್ಷಿ ಶೇ 35 ಎಂಬ ಈಗಿನ ಪಾಲೇ ಹೊರತು ಪ್ಲಸ್ 35 ಎಂಬ ವ್ಯತ್ಯಾಸ ಅಲ್ಲ.

ಪ್ರಶ್ನೆ: ಶೇ 20ರಿಂದ ಶೇ 30ಕ್ಕೆ ಹೋದರೆ ಏರಿಕೆ ಶೇ 10 ಅಲ್ಲವೇ? ನೀವು ಅಂಶ ಎನ್ನುವುದೇಕೆ?
— ಓದುಗರು, ಕಾಪು

ಉತ್ತರ: ಏರಿಕೆ 10 ಅಂಶ. ಶೇಕಡಾ ಲೆಕ್ಕದಲ್ಲಾದರೆ 20ಕ್ಕೆ 10 ಸೇರಿದ್ದು ಶೇ 50ರ ಏರಿಕೆ. ಪಕ್ಷದ ಕರಪತ್ರಗಳು ಯಾವುದು ದೊಡ್ಡದಾಗಿ ಕಾಣುವುದೋ ಅದನ್ನೇ ಅಚ್ಚು ಹಾಕಿಸುತ್ತವೆ, ಎಚ್ಚರ.

ಪ್ರಶ್ನೆ: ಒಂದು ಪಕ್ಷ 10 ಅಂಶ ಕಳೆದುಕೊಂಡರೆ ಅದನ್ನು ಹೀನಾಯ ಸಾಧನೆ ಎಂದು ಧೈರ್ಯವಾಗಿ ಹೇಳಬಹುದೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಸುರತ್ಕಲ್

ಉತ್ತರ: ಯಾವ ವರ್ಷಕ್ಕೆ ಹೋಲಿಸಿ? ಆ ಉತ್ತರ ಸಿಗುವವರೆಗೆ ಏನನ್ನೂ ಹೇಳಬಾರದು. ಜೂನ್, ಜುಲೈಯ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದ ಬಂಗುಡೆ ದರಕ್ಕೆ ಅಕ್ಟೋಬರದ ದರವನ್ನು ಹೋಲಿಸಿ ಮೀನು ಅಗ್ಗವಾಯಿತು ಎಂದರೆ ಮಲ್ಪೆಯಲ್ಲಿ ಯಾರೂ ಒಪ್ಪುವುದಿಲ್ಲ.

ಬ್ರಿಟನ್ನಿನಲ್ಲಿ ಎಲ್ಲ ಕೌನ್ಸಿಲ್‌ಗಳ ಚುನಾವಣೆ ಒಂದೇ ವರ್ಷ ನಡೆಯುವುದಿಲ್ಲ. ಹಾಗಾಗಿ ಒಂದೇ ಗುರುವಾರ ನಡೆದ ಎರಡು ಉಪಚುನಾವಣೆಗಳಲ್ಲಿ ಒಂದರ ಹೋಲಿಕೆ 2022ಕ್ಕೆ, ಇನ್ನೊಂದರದು 2023ಕ್ಕೆ ಇರಬಹುದು. ಇಲ್ಲಿ ನಮ್ಮ ಕೈಗೆ ಸಿಗುವ ಒಳ್ಳೆಯ ಸಾಧನ ಒಂದಿದೆ. ಪ್ರೊಫೆಸರ್ ಜಾನ್ ಕರ್ಟಿಸ್ ಮತ್ತು ಅವರ ತಂಡ ಪ್ರತಿ ಮೇ ಚುನಾವಣೆಯ ನಂತರ ಬಿಬಿಸಿಗಾಗಿ ಒಂದು ಅಂದಾಜು ಸಿದ್ಧಪಡಿಸುತ್ತಾರೆ: ದೇಶದ ಎಲ್ಲ ಕಡೆಯೂ ಅಂದು ಮತದಾನ ನಡೆದಿದ್ದರೆ ಯಾರಿಗೆ ಎಷ್ಟು ಪಾಲು ಬರುತ್ತಿತ್ತು ಎಂದು. ಆ ಅಂದಾಜಿನ ಪ್ರಕಾರ ಲೇಬರ್ 2021ರಲ್ಲಿ ಶೇ 29, 2023ರಲ್ಲಿ ಶೇ 35, 2025ರಲ್ಲಿ ಶೇ 20. ಕನ್ಸರ್ವೇಟಿವ್ ಕ್ರಮವಾಗಿ ಶೇ 36, ಶೇ 26, ಶೇ 15.

ಈಗ ನಿಮ್ಮ ಪ್ರಶ್ನೆ ನೋಡಿ. 2025ರ ಬೇಸಿಗೆಯ ಒಂದು ಉಪಚುನಾವಣೆಯಲ್ಲಿ ಲೇಬರ್ 10 ಅಂಶ ಇಳಿಯಿತು ಎನ್ನೋಣ. ಹಿಂದಿನ ಚುನಾವಣೆ 2021ರದ್ದಾದರೆ ದೇಶದಾದ್ಯಂತದ ಇಳಿಕೆಯೇ 9 ಅಂಶ, ಈ ವಾರ್ಡ್ ಅದರ ಆಸುಪಾಸಿನಲ್ಲೇ ಇದೆ. 2023ರದ್ದಾದರೆ ದೇಶದ ಇಳಿಕೆ 15 ಅಂಶ, ಅಂದರೆ ಈ ವಾರ್ಡಿನಲ್ಲಿ ಲೇಬರ್ ಉಳಿದೆಡೆಗಿಂತ ಚೆನ್ನಾಗಿಯೇ ಮತ ಉಳಿಸಿಕೊಂಡಿದೆ. ಅದೇ ಮೈನಸ್ 10ಕ್ಕೆ ಎರಡು ಬೇರೆ ಅರ್ಥ. ಅದಕ್ಕಾಗಿಯೇ ನಾನು ಯಾವ ಉಪಚುನಾವಣೆಯ ಫಲಿತಾಂಶ ಕಂಡರೂ ಮೊದಲು ಹಳೆಯ ಫಲಿತಾಂಶವನ್ನು ತೆರೆಯುತ್ತೇನೆ, ಹೊಸದನ್ನು ಆಮೇಲೆ. ಯಾರು ನಿಂತಿದ್ದರು, ಎಷ್ಟು ಸ್ಥಾನಕ್ಕೆ, ಯಾವ ವರ್ಷ, ಎಷ್ಟು ಮಂದಿ ಮತ ಹಾಕಿದ್ದರು. 2015ರ ಮೇ 7ರಂದು ಹಲವೆಡೆ ಸ್ಥಳೀಯ ಚುನಾವಣೆ ಸಾರ್ವತ್ರಿಕ ಚುನಾವಣೆಯ ಜೊತೆಗೇ ನಡೆದಿತ್ತು. ಅಂಥ ದಿನ ಮತಗಟ್ಟೆಗೆ ಬಂದವರೇ ಬೇರೆ, ಮಳೆಯ ಗುರುವಾರವೊಂದರಲ್ಲಿ ಉಪಚುನಾವಣೆಗಾಗಿ ಮಾತ್ರ ಬರುವವರೇ ಬೇರೆ.

ಪ್ರಶ್ನೆ: ಇಂಥ ಉಪಚುನಾವಣೆಗಳನ್ನು ನೋಡಿ ಮುಂದಿನ ಸಾರ್ವತ್ರಿಕ ಚುನಾವಣೆಯನ್ನು ಊಹಿಸಬಹುದೇ?
— ಓದುಗರು, ಅಂಬಲಪಾಡಿ, ಉಡುಪಿ

ಉತ್ತರ: ಒಂದನ್ನು ನೋಡಿ ಊಹಿಸಲು ಆಗುವುದಿಲ್ಲ. ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಾಗಿಯೂ ಇಲ್ಲ. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾದ ಮೇಲೆ ತೆರವಾದ ನಮ್ಮ ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ 2012ರ ಮಾರ್ಚ್‌ನಲ್ಲಿ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ 45 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಕರಾವಳಿಯ ರಾಜಕೀಯವೇ ಬದಲಾಯಿತು ಎಂದು ಆಗ ಮಾತಾಡಿಕೊಂಡವರು ಬಹಳ ಮಂದಿ. 2014ರಲ್ಲಿ ಅದೇ ಕ್ಷೇತ್ರದಲ್ಲಿ ಬಿಜೆಪಿಯ ಶೋಭಾ ಕರಂದ್ಲಾಜೆ ಅವರ ವಿರುದ್ಧ ಹೆಗ್ಡೆಯವರು 1.8 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು.

ಲೋಕಸಭಾ ಕ್ಷೇತ್ರದ ಪಾಡೇ ಹೀಗಾದರೆ ಒಂದೆರಡು ಸಾವಿರ ಮಂದಿ ಮತ ಹಾಕುವ ವಾರ್ಡಿನ ಮಾತೇನು? ಅಲ್ಲಿ ಒಂದು ಹೊಸ ಬಡಾವಣೆಯ ಯೋಜನೆ, ಕಸ ಒಯ್ಯುವ ದಿನ, ರಸ್ತೆಯ ಹೊಂಡ, ಪಾರ್ಕಿಂಗ್ ಶುಲ್ಕ, ಮನೆಮನೆ ತಿರುಗಿದ ಒಬ್ಬ ಅಭ್ಯರ್ಥಿ ಸಾಕು, ಲೆಕ್ಕ ಬುಡಮೇಲಾಗಲು. ಲಿಬರಲ್ ಡೆಮಾಕ್ರಾಟರು ಇಂಥ ಪ್ರಚಾರದಲ್ಲಿ ಪಳಗಿದವರು. ಅವರ ವಾರ್ಡ್ ಗೆಲುವನ್ನು ದೇಶದ ಒಲವು ಎಂದು ಓದಿದರೆ ಎಡವುತ್ತೀರಿ.

ಆದರೆ ಅನೇಕ ಉಪಚುನಾವಣೆಗಳನ್ನು ಒಟ್ಟಿಗೆ ಹಾಕಿ ನೋಡಿದಾಗ ಸ್ಥಳೀಯ ಗದ್ದಲ ಒಂದಕ್ಕೊಂದು ಹೊಡೆದು ಹೋಗಿ, ಗಾಳಿ ಎತ್ತ ಬೀಸುತ್ತಿದೆ ಎಂಬುದು ಕಾಣತೊಡಗುತ್ತದೆ. ಪ್ಲಿಮತ್ ವಿಶ್ವವಿದ್ಯಾಲಯದಲ್ಲಿದ್ದ ಕಾಲಿನ್ ರಾಲಿಂಗ್ಸ್ ಮತ್ತು ಮೈಕೆಲ್ ಥ್ರಾಷರ್ ಇದನ್ನೇ ಶಿಸ್ತಿನಿಂದ ಮಾಡಿದರು. ವಾರವಾರದ ಫಲಿತಾಂಶಗಳನ್ನು ಕಲೆಹಾಕಿ ಪಕ್ಷಗಳ ರಾಷ್ಟ್ರೀಯ ಪಾಲನ್ನು ಅಂದಾಜಿಸುವ ಮಾದರಿ ಕಟ್ಟಿದರು. ಯಾರೂ ಲಕ್ಷ್ಯ ಕೊಡದ ಪುಟ್ಟ ವಾರ್ಡ್‌ಗಳ ಅಂಕಿಗಳನ್ನು ವರ್ಷಗಟ್ಟಲೆ ಜೋಪಾನವಾಗಿ ಕೂಡಿಟ್ಟ ಆ ಇಬ್ಬರ ಬಗ್ಗೆ ನನಗೆ ತುಂಬು ಗೌರವವಿದೆ. ನಮ್ಮ ನಗರಸಭೆ, ಪುರಸಭೆಗಳ ಉಪಚುನಾವಣೆಗಳ ವಾರ್ಡ್‌ವಾರು ಮತ ಪ್ರಮಾಣವನ್ನೂ ಯಾರಾದರೂ ಹೀಗೆ ಕೂಡಿಡಬೇಕು. ಸಂಖ್ಯಾಶಾಸ್ತ್ರ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ತೋಚುವುದಿಲ್ಲ.

ಪ್ರಶ್ನೆ: ಸ್ಕಾಟ್ಲೆಂಡಿನ ಫಲಿತಾಂಶಗಳನ್ನೂ ಹೀಗೆಯೇ ಓದಬೇಕೇ?
— ಓದುಗರು, ಕಂಕನಾಡಿ, ಮಂಗಳೂರು

ಉತ್ತರ: ಇಲ್ಲ. ಅಲ್ಲಿ 2007ರಿಂದ ಕೌನ್ಸಿಲ್ ಚುನಾವಣೆ ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ ನಡೆಯುತ್ತದೆ, ಅಂದರೆ ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮಾಂಕ ಕೊಡುತ್ತಾರೆ. ಒಂದು ವಾರ್ಡಿಗೆ ಸಾಮಾನ್ಯವಾಗಿ ಮೂವರು ಅಥವಾ ನಾಲ್ವರು, ಅವರು ಬೇರೆ ಬೇರೆ ಪಕ್ಷದವರಾಗಿರುವುದೇ ಹೆಚ್ಚು. ನಾಲ್ಕನೆಯವರಾಗಿ ಗೆದ್ದ ಕನ್ಸರ್ವೇಟಿವ್ ಸದಸ್ಯರೊಬ್ಬರು ರಾಜೀನಾಮೆ ಕೊಟ್ಟರು ಎನ್ನೋಣ. ಉಪಚುನಾವಣೆಯಲ್ಲಿ ಇಡೀ ವಾರ್ಡ್ ಒಬ್ಬರನ್ನೇ ಆರಿಸಬೇಕು, ಆದ್ದರಿಂದ ಅಲ್ಲಿಯ ದೊಡ್ಡ ಪಕ್ಷಕ್ಕೇ ಅನುಕೂಲ. ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಮತ ಪ್ರಮಾಣ ಹಿಂದಿಗಿಂತ ಇಳಿದಿದ್ದರೂ ಅದೇ ಗೆದ್ದು, ಕನ್ಸರ್ವೇಟಿವ್‌ನಿಂದ ಸ್ಥಾನ ಕಸಿದುಕೊಂಡಿತು ಎಂದು ಸುದ್ದಿಯಾಗಬಹುದು. ಆ ಸುದ್ದಿಗೆ ಬೆಲೆ ಕೊಡಬೇಡಿ. ಎರಡೂ ಬಾರಿಯ ಮೊದಲ ಪ್ರಾಶಸ್ತ್ಯದ ಮತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಆಮೇಲೆ ಹೊರಬಿದ್ದ ಅಭ್ಯರ್ಥಿಗಳ ಎರಡನೆಯ ಪ್ರಾಶಸ್ತ್ಯ ಯಾರ ಕಡೆ ಹರಿಯಿತು ಎಂದು ಸುತ್ತು ಸುತ್ತಾಗಿ ಓದಿ. ಯಾವ ಪಕ್ಷದ ಬೆಂಬಲಿಗರಿಗೆ ಯಾವ ಪಕ್ಷ ಹತ್ತಿರ ಎಂಬುದು ಅಲ್ಲಿ ಅಂಕಿಯಲ್ಲೇ ಬರೆದಿರುತ್ತದೆ. ಇಂಗ್ಲೆಂಡಿನ ಫಲಿತಾಂಶ ಪಟ್ಟಿಯಲ್ಲಿ ಆ ಮಾಹಿತಿ ಸಿಗುವುದಿಲ್ಲ.