ಮೊಬೈಲ್‌ನಲ್ಲಿ ಗಿಳಿ ಹಸಿರು, ಕಾರ್ಡಿನಲ್ಲಿ ಪಾಚಿ ಹಸಿರು

ಪ್ರಶ್ನೆ: ಸರ್, ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ಒಂದು ಮದುವೆ ಕಾರ್ಡ್ ಮಾಡಿಕೊಟ್ಟೆ. ಗಿಳಿ ಹಸಿರು ಹಿನ್ನೆಲೆ, ರಾಣಿ ಪಿಂಕ್ ಅಂಚು. ವಾಟ್ಸಾಪ್‌ನಲ್ಲಿ ನೋಡಿ ಹುಡುಗಿ ಮನೆಯವರು ಬಹಳ ಮೆಚ್ಚಿದರು. 600 ಕಾರ್ಡ್ ಅಚ್ಚಾಗಿ ಬಂದಾಗ ಹಸಿರು ಪಾಚಿ ಕಟ್ಟಿದ ಹಾಗಿತ್ತು, ಪಿಂಕ್ ಸಪ್ಪೆ, ಅಕ್ಷರವೂ ಮಸುಕು. ಪ್ರೆಸ್ಸಿನವರು 'ನಿಮ್ಮ ಫೈಲ್ ಆರ್‌ಜಿಬಿಯಲ್ಲಿತ್ತು' ಎಂದು ಕೈತೊಳೆದುಕೊಂಡರು. ನನ್ನ ಕೂಲಿಯಲ್ಲಿ ಅರ್ಧ ಹೋಯಿತು. ಇನ್ನು ಮುಂದೆ ಎಲ್ಲವನ್ನೂ ಸಿಎಂವೈಕೆಯಲ್ಲೇ ಮಾಡಲೇ?
(ಹೆಸರು ಬೇಡ ಎಂದಿದ್ದಾರೆ, ಶಿರಸಿ)

ಉತ್ತರ: ತಂಗಿ, ಪ್ರೆಸ್ಸಿನವರು ಹೇಳಿದ್ದು ಸುಳ್ಳಲ್ಲ. ಆದರೆ ಪ್ಲೇಟ್ ಮಾಡುವ ಮೊದಲು ಒಂದು ಫೋನ್ ಮಾಡಬಹುದಿತ್ತು. 28 ವರ್ಷ ಆಫ್‌ಸೆಟ್ ಯಂತ್ರದ ಮುಂದೆ ನಿಂತವನು ನಾನು, ಇಂಥ ಕಾರ್ಡುಗಳನ್ನು ಹೊತ್ತುಕೊಂಡು ಜಗಳಕ್ಕೆ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ.

ಮೊಬೈಲ್ ಪರದೆ ಎಂದರೆ ಕೆಂಪು, ಹಸಿರು, ನೀಲಿ ದೀಪಗಳ ಸಾಲು, ಆರ್‌ಜಿಬಿ ಎಂದರೆ ಇದೇ. ಮೂರೂ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಕಾಗದಕ್ಕೆ ಸ್ವಂತ ದೀಪವಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಶಾಯಿ ತಿನ್ನುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ. ಸಯಾನ್ (ತಿಳಿನೀಲಿ ಶಾಯಿ) ಕೆಂಪನ್ನು ತಿನ್ನುತ್ತದೆ, ಮಜೆಂಟಾ (ಗಾಢ ಗುಲಾಬಿ) ಹಸಿರನ್ನು, ಹಳದಿ ನೀಲಿಯನ್ನು. ಈ ಮೂರರ ಜೊತೆ ಕಪ್ಪು ಸೇರಿದರೆ ಅದೇ ಸಿಎಂವೈಕೆ. ಹಸಿರು ಬರಬೇಕಾದರೆ ಸಯಾನ್, ಹಳದಿ ಎರಡೂ ಬೀಳಬೇಕು. ಎರಡೂ ತಮ್ಮ ಪಾಲಿಗಿಂತ ಒಂದು ತುತ್ತು ಹೆಚ್ಚೇ ತಿನ್ನುವ ಶಾಯಿಗಳು. ಹಾಗಾಗಿ ಪರದೆಯಲ್ಲಿ ಹೊಳೆಯುವ ಆ ಗಿಳಿ ಹಸಿರು ಈ ನಾಲ್ಕು ಶಾಯಿಯಲ್ಲಿ ಯಾವ ಪ್ರೆಸ್ಸಿನಲ್ಲೂ ಹುಟ್ಟುವುದಿಲ್ಲ.

ಅದಕ್ಕೆ ತೀರಾ ಹತ್ತಿರದ ಹಸಿರು ಬೇಕೆಂದರೆ ಸಯಾನ್ ಶೇಕಡಾ 60, ಹಳದಿ ಶೇಕಡಾ 100 ಇಟ್ಟು ನೋಡಿ. ಮಜೆಂಟಾ, ಕಪ್ಪು ಎರಡೂ ಸೊನ್ನೆ ಇರಲಿ. ನಿಮ್ಮ ಪಾಚಿ ಬಂದದ್ದು ಬಹುಶಃ ಅವುಗಳಿಂದಲೇ. ರಾಣಿ ಪಿಂಕ್ ಕಷ್ಟವೇ ಅಲ್ಲ, ಡಬ್ಬಿಯಲ್ಲಿರುವ ಮಜೆಂಟಾ ಶಾಯಿಯೇ ಹೆಚ್ಚುಕಡಿಮೆ ಆ ಬಣ್ಣ. ನವೆಂಬರ್ ಬಂದರೆ ನಮಗೆ ರಾಜ್ಯೋತ್ಸವದ ಪೋಸ್ಟರುಗಳ ಸುಗ್ಗಿ. ಆ ಅರಿಶಿನ ಕುಂಕುಮದ ಬಗ್ಗೆ ಯಾರೂ ತಕರಾರು ತೆಗೆದದ್ದಿಲ್ಲ. ಹಳದಿ ಹೇಗೂ ಶಾಯಿಯಲ್ಲೇ ಇದೆ, ಅದರ ಮೇಲೆ ಮಜೆಂಟಾ ಬಿದ್ದರೆ ಕೆಂಪು. ಕಾಟ ಕೊಡುವುದು ನೀಲಿ. ಸಯಾನ್, ಮಜೆಂಟಾ ಎರಡನ್ನೂ 100 ಇಟ್ಟರೆ ನೇರಳೆ ಹಣ್ಣಿನ ಬಣ್ಣ ಬರುತ್ತದೆ. ಮಜೆಂಟಾವನ್ನು 70ಕ್ಕೆ ಇಳಿಸಿ.

ಇನ್ನು ಅಕ್ಷರ. ನನಗೆ ಬಣ್ಣಕ್ಕಿಂತ ಇದೇ ಹೆಚ್ಚು ಸಂಕಟ. ಆರ್‌ಜಿಬಿಯ ಕಪ್ಪನ್ನು ಫೋಟೊಶಾಪ್ ಮಾಮೂಲಿ ಸೆಟ್ಟಿಂಗಿನಲ್ಲಿ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಅಂದರೆ 'ಸುಮುಹೂರ್ತ' ಎಂಬ ಒಂದು ಪದ ನಾಲ್ಕು ಪ್ಲೇಟಿನಿಂದ ನಾಲ್ಕು ಸಲ ಅಚ್ಚಾಗುತ್ತದೆ. ರಿಜಿಸ್ಟ್ರೇಶನ್, ಅಂದರೆ ಒಂದು ಪ್ಲೇಟಿನ ಅಚ್ಚಿನ ಮೇಲೆ ಇನ್ನೊಂದರದ್ದು ಸರಿಯಾಗಿ ಕೂರುವುದು, ಕೂದಲೆಳೆಯಷ್ಟು ತಪ್ಪಿದರೂ ಅಂಚಿನಲ್ಲಿ ಗುಲಾಬಿ, ನೀಲಿ ನೆರಳು. ಇಂಗ್ಲಿಷ್ ಅಕ್ಷರ ಹೇಗೋ ತಾಳಿಕೊಳ್ಳುತ್ತದೆ. ನಮ್ಮ ಒತ್ತಕ್ಷರ, ಕೊಂಬು, ಅರ್ಕಾವತ್ತಿನ ಸಣ್ಣ ಸಂದುಗಳು ಮುಚ್ಚಿಯೇ ಹೋಗುತ್ತವೆ. ಭೂತಗನ್ನಡಿ ಹಿಡಿದು ಪ್ಲೇಟ್ ಸರಿಸುತ್ತಾ ಎಷ್ಟು ರಾತ್ರಿ ಕಳೆದಿದ್ದೇನೋ! ಅಕ್ಷರಕ್ಕೆ ಕಪ್ಪು ಮಾತ್ರ 100, ಉಳಿದ ಮೂರೂ ಸೊನ್ನೆ. ದೊಡ್ಡ ಕಪ್ಪು ಹಿನ್ನೆಲೆಗೆ ಬೇಕಾದರೆ ಸ್ವಲ್ಪ ಸಯಾನ್ ಸೇರಿಸಿ, ಆದರೆ ನಾಲ್ಕನ್ನೂ 100 ಮಾಡಬೇಡಿ. ಶಾಯಿ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

ಎಲ್ಲವನ್ನೂ ಸಿಎಂವೈಕೆಯಲ್ಲೇ ಮಾಡಲೇ ಎಂದರೆ, ಬೇಡ. ಫೋಟೊಗಳನ್ನು ಆರ್‌ಜಿಬಿಯಲ್ಲೇ ತಿದ್ದಿ ಮೂಲವನ್ನು ಹಾಗೇ ಇಟ್ಟುಕೊಳ್ಳಿ. ಒಮ್ಮೆ ಸಿಎಂವೈಕೆಗೆ ಇಳಿಸಿದ ಮೇಲೆ ಹೋದ ಬಣ್ಣ ವಾಪಸ್ ಬದಲಿಸಿದರೂ ಬಾರದು. ಕಾರ್ಡಿನ ವಿನ್ಯಾಸವನ್ನು ಮೊದಲಿನಿಂದಲೇ ಸಿಎಂವೈಕೆಯಲ್ಲಿ ಕಟ್ಟಿ. ಕೋರಲ್‌ಡ್ರಾನಲ್ಲಿ ಹೊಸ ಫೈಲ್ ತೆರೆಯುವಾಗಲೇ ಅದನ್ನು ಕೇಳುತ್ತದೆ, ನಾವು ಓದದೆ ಓಕೆ ಒತ್ತುತ್ತೇವೆ. ವಾಟ್ಸಾಪ್‌ಗೆ ಕಳಿಸುವ ಚಿತ್ರವನ್ನು ಆ ಸಿಎಂವೈಕೆ ಫೈಲಿನಿಂದಲೇ ಆರ್‌ಜಿಬಿಗೆ ತೆಗೆಯಿರಿ. ಸ್ವಲ್ಪ ಮಂಕಾಗಿ ಕಾಣುತ್ತದೆ, ಕಾಣಲಿ, ಗಿರಾಕಿ ಒಪ್ಪಬೇಕಾದದ್ದು ಅದನ್ನೇ. ಮದುವೆ ಆಲ್ಬಂ ಕೆಲಸ ಬಂದರೆ ಲೆಕ್ಕ ಬೇರೆ: ಫೋಟೊ ಕಾಗದದ ಮೇಲೆ ಬೆಳಕಿನಿಂದಲೇ ಚಿತ್ರ ಮೂಡಿಸುವ ಲ್ಯಾಬಿನವರು ಎಸ್‌ಆರ್‌ಜಿಬಿ (ಆರ್‌ಜಿಬಿಯದೇ ಮಾಮೂಲಿ ಬಗೆ) ಕೇಳುತ್ತಾರೆ. ಫ್ಲೆಕ್ಸಿಗೆ ಆ ಯಂತ್ರದವನನ್ನೇ ಕೇಳಿ.

ಚಿನ್ನದ ಬಣ್ಣವನ್ನು ಮಾತ್ರ ಈ ನಾಲ್ಕರಲ್ಲಿ ಹುಡುಕಬೇಡಿ, ಸಾಸಿವೆ ಬಣ್ಣ ಸಿಗುತ್ತದೆ. ಅದಕ್ಕೆ ಫಾಯಿಲ್ (ಹೊಳೆಯುವ ತೆಳು ಹಾಳೆ) ಹಾಕಿಸಬೇಕು.

ಆ 600ರಲ್ಲಿ ನಿಮ್ಮ ಹತ್ತಿರ ಒಂದೆರಡು ಕಾರ್ಡ್ ಉಳಿದಿದ್ದರೆ ಎಸೆಯಬೇಡಿ. ಮುಂದಿನ ಗಿರಾಕಿ ಗಿಳಿ ಹಸಿರು ಬೇಕೆಂದು ಬಂದಾಗ ಮೊಬೈಲಿನ ಪಕ್ಕದಲ್ಲಿ ಅದನ್ನಿಟ್ಟು ತೋರಿಸಿ, ಆಮೇಲೆ ಅಡ್ವಾನ್ಸ್ ಕೇಳಿ.