ಓದುಗರ ಪ್ರಶ್ನೆ: ವಿದೇಶ ಪ್ರಯಾಣ ಮತ್ತು ರೋಮಿಂಗ್ ಬಿಲ್

ಪ್ರಶ್ನೆ: ಪೀಣ್ಯದ ಯಂತ್ರೋಪಕರಣ ಕಂಪನಿಯೊಂದರ ಕೆಲಸದ ಮೇಲೆ ವರ್ಷದಲ್ಲಿ ಹಲವು ಬಾರಿ ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಹೋಗಿಬರುತ್ತೇನೆ. ಪ್ರತಿ ಸಲವೂ ಹತ್ತು ದಿನಗಳ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡೇ ಹೊರಟರೂ ಪೋಸ್ಟ್‌ಪೇಯ್ಡ್ ಬಿಲ್‌ನಲ್ಲಿ ಹೆಚ್ಚಿನ ಮೊತ್ತ ಸೇರಿರುತ್ತದೆ. ಇದು ಹೇಗಾಗುತ್ತದೆ? ಖರ್ಚು ತಗ್ಗಿಸುವುದು ಹೇಗೆ?
– ಓದುಗರು, ಬೆಂಗಳೂರು

ಉತ್ತರ: ವಿದೇಶದ ಟವರ್ ಬಳಸಿದಾಗ ಅಲ್ಲಿನ ಕಂಪನಿಯು ಅದರ ಲೆಕ್ಕವನ್ನು ನಿಮ್ಮ ಭಾರತೀಯ ಕಂಪನಿಗೆ ಕಳುಹಿಸಿ, ಇಬ್ಬರ ನಡುವೆ ಒಪ್ಪಂದವಾಗಿರುವ ಸಗಟು ದರದಲ್ಲಿ ಹಣ ಪಡೆಯುತ್ತದೆ. ಪ್ಯಾಕ್ ಎಂಬುದು ಇಂತಿಂಥ ದೇಶಗಳಲ್ಲಿ, ಇಷ್ಟು ದಿನ, ಇಷ್ಟು ಬಳಕೆಗೆ ಮುಂಗಡವಾಗಿ ನಿಗದಿಯಾದ ಬೆಲೆ. ಹಲವು ಯೋಜನೆಗಳಲ್ಲಿ ಈ ಮೂರರಲ್ಲಿ ಯಾವುದೊಂದು ಮಿತಿ ಮೀರಿದರೂ ಡೇಟಾಕ್ಕೆ ಎಂಬಿ ಲೆಕ್ಕದ ದುಬಾರಿ ದರ ಅನ್ವಯವಾಗುತ್ತದೆ. ನಿಮ್ಮಂಥವರ ಬಿಲ್ ಏರುವುದು ಹೆಚ್ಚಾಗಿ ಪ್ರವಾಸದ ಎರಡು ತುದಿಗಳಲ್ಲಿ. ಹತ್ತು ದಿನವೆಂದರೆ ಮೊದಲ ಬಳಕೆಯ ಗಳಿಗೆಯಿಂದ ಎಣಿಸುವ 240 ಗಂಟೆಗಳೋ, ಭಾರತೀಯ ಕಾಲಮಾನದ ತಾರೀಖುಗಳೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ಏಕೆಂದರೆ ಹಿಂದಿರುಗುವ ದಿನ ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಕಾಯುವ ಹೊತ್ತು ಮತ್ತು ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುವ ಹೊತ್ತು ಪ್ಯಾಕ್‌ನ ಅವಧಿಯ ಆಚೆಗೆ ಉಳಿದುಬಿಡುವುದು ಸಾಮಾನ್ಯ. ಕೆಲವು ವಿಮಾನಗಳಲ್ಲೂ ಪ್ರವಾಸಿ ಹಡಗುಗಳಲ್ಲೂ ಉಪಗ್ರಹದ ಮೂಲಕ ಕೆಲಸ ಮಾಡುವ ಪ್ರತ್ಯೇಕ ಮೊಬೈಲ್ ಜಾಲವಿರುತ್ತದೆ. ಅದು ದೇಶಗಳ ಪಟ್ಟಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ದರವಂತೂ ಬಹಳ ದುಬಾರಿ. ವಿಮಾನ ಏರಿದೊಡನೆ ಏರೋಪ್ಲೇನ್ ಮೋಡ್ ಹಾಕುವುದನ್ನು ಹಣದ ದೃಷ್ಟಿಯಿಂದಲೂ ತಪ್ಪಿಸಬಾರದು.

ಮೇಲಿಂದ ಮೇಲೆ ಹೋಗಿಬರುವವರು ಪ್ರತಿ ಸಲ ಅಗ್ಗದ ಪ್ಯಾಕ್ ಹುಡುಕುವುದಕ್ಕಿಂತ ನಂಬರನ್ನೂ ಡೇಟಾವನ್ನೂ ಬೇರೆ ಬೇರೆ ಮಾಡಿಕೊಳ್ಳುವುದು ಉತ್ತಮ ಎಂಬುದು ನನ್ನ ದೃಢ ಅಭಿಪ್ರಾಯ. ಭಾರತದ ಸಿಮ್ ಒಟಿಪಿಗೆ ಮತ್ತು ತುರ್ತು ಕರೆಗೆ ಮಾತ್ರ ಇರಲಿ, ಅದರ ಡೇಟಾ ರೋಮಿಂಗ್ ಆಫ್ ಆಗಿರಲಿ. ಎಸ್‌ಎಂಎಸ್ ಬರುವುದಕ್ಕೆ ಡೇಟಾ ಬೇಕಿಲ್ಲ. ಇಂಟರ್ನೆಟ್‌ಗೆ ಆಯಾ ಪ್ರದೇಶದ ಸಿಮ್ ಅಥವಾ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಅಳವಡಿಸುವ ಸಿಮ್) ಬಳಸಿ. *#06# ಒತ್ತಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ ಸಂಖ್ಯೆಯೂ ಕಾಣಿಸಿದರೆ ನಿಮ್ಮ ಫೋನ್ ಇ-ಸಿಮ್‌ಗೆ ಸಿದ್ಧವಿದೆ ಎಂದರ್ಥ. ಇ-ಸಿಮ್ ಅಳವಡಿಸಲು ಇಂಟರ್ನೆಟ್ ಬೇಕಾಗುವುದರಿಂದ ಮನೆಯ ವೈ-ಫೈ ಇರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ. ವಾಟ್ಸಾಪ್ ನಂಬರ್ ಬದಲಿಸುವಂತೆ ಸೂಚಿಸಿದರೆ ಒಪ್ಪಬೇಡಿ. ಹಳೆಯ ನಂಬರಿನಲ್ಲೇ ಅದು ನಡೆಯುತ್ತದೆ. ಐಫೋನ್‌ನಲ್ಲಿ ಒಂದು ಸಿಮ್‌ನ ಸಿಗ್ನಲ್ ಕುಂದಿದಾಗ ಇನ್ನೊಂದರ ಡೇಟಾ ಬಳಸಲು ಅನುಮತಿ ಕೊಡುವ ಆಯ್ಕೆಯೊಂದಿದೆ, ಅದನ್ನೂ ಆಫ್ ಮಾಡಿಡಿ.

ಇ-ಸಿಮ್ ಕೊಳ್ಳುವಲ್ಲಿ ಒಂದು ಎಚ್ಚರ ಬೇಕು. ವಿದೇಶಿ ಸಿಮ್‌ಗಳನ್ನು ಭಾರತದಲ್ಲಿ ಮಾರುವವರು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಅದಿಲ್ಲದ ಕಾರಣ 2024ರ ಜನವರಿಯಲ್ಲಿ ಎರಡು ಹೆಸರಾಂತ ವಿದೇಶಿ ಇ-ಸಿಮ್ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಮಳಿಗೆಗಳಿಂದ ತೆಗೆಸಲಾಯಿತು. ಜರ್ಮನಿಯಲ್ಲೇ ಸಿಮ್ ಕೊಂಡರೆ, 2017ರ ಜೂನ್ 15ರಿಂದ ಜಾರಿಯಲ್ಲಿರುವ ನಿಯಮದಂತೆ, ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲೂ ನ್ಯಾಯಯುತ ಬಳಕೆಯ ಮಿತಿಯೊಳಗೆ ಜರ್ಮನಿಯ ದರವೇ ಸಲ್ಲುತ್ತದೆ. ಆದರೆ ನಿಮಗೆ ಬಹುಮುಖ್ಯವಾದ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲೂ ಇಲ್ಲ, ಈ ನಿಯಮದ ವ್ಯಾಪ್ತಿಯಲ್ಲೂ ಇಲ್ಲ. ಸ್ವಿಟ್ಜರ್ಲೆಂಡನ್ನು ಹೆಸರಿಸಿಯೇ ಸೇರಿಸಿಕೊಂಡಿರುವ ಯೋಜನೆಯನ್ನು ಆರಿಸಿ. ಕಾನ್‌ಸ್ಟಾಂಜ್ ಅಥವಾ ಬಾಸೆಲ್‌ನಂಥ ಗಡಿ ಊರುಗಳಲ್ಲಿ ಫೋನ್ ತಾನಾಗಿಯೇ ಆಚೆ ದೇಶದ ಟವರ್ ಹಿಡಿಯಬಹುದಾದ್ದರಿಂದ ಅಲ್ಲಿ ಜಾಲದ ಆಯ್ಕೆಯನ್ನು ಕೈಯಾರೆ ಮಾಡುವುದು ಕ್ಷೇಮ.

ಬಳಕೆಯ ಮಟ್ಟಿಗೆ, ಫೋಟೊ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್‌ಗಳು ಹೋಟೆಲಿನ ವೈ-ಫೈಗೆ ಕಾಯಲಿ, ನಕ್ಷೆಗಳನ್ನು ಮೊದಲೇ ಇಳಿಸಿಕೊಳ್ಳಿ. ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿಯಷ್ಟು ಡೇಟಾ ನುಂಗಬಲ್ಲದು.

ಪ್ರಶ್ನೆ: ಸರಕು ಖರೀದಿಗೆಂದು ಚೀನಾದ ಗುವಾಂಗ್‌ಝೌಗೆ ಹೋಗುತ್ತಿರುತ್ತೇನೆ. ಅಲ್ಲಿಯೂ ಸ್ಥಳೀಯ ಸಿಮ್ ಕೊಳ್ಳುವುದೇ ಲಾಭವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೆಲೆಯೊಂದನ್ನೇ ನೋಡಿದರೆ ಹೌದು, ಆದರೆ ನಿಮ್ಮ ಕೆಲಸಕ್ಕೆ ಅದು ಹೊಂದುವುದಿಲ್ಲ. ಚೀನಾದ ಸ್ಥಳೀಯ ಜಾಲದಲ್ಲಿ ಗೂಗಲ್, ಜಿಮೇಲ್, ವಾಟ್ಸಾಪ್ ಇವುಗಳಿಗೆ ತಡೆಯಿದೆ. ರೋಮಿಂಗ್‌ನಲ್ಲಾದರೆ ಡೇಟಾ ಸಾಮಾನ್ಯವಾಗಿ ಸಿಮ್ ಕೊಟ್ಟ ಕಂಪನಿಯ ಸ್ವದೇಶಿ ಜಾಲದ ಮೂಲಕವೇ ಹಾದು ಇಂಟರ್ನೆಟ್ ಸೇರುವುದರಿಂದ, ಭಾರತದ ಸಿಮ್‌ನಲ್ಲಿ ಇವೆಲ್ಲ ಎಂದಿನಂತೆ ನಡೆಯುತ್ತವೆ. ಊರಿನ ಅಂಗಡಿಯೊಂದಿಗೆ ವಾಟ್ಸಾಪ್‌ನಲ್ಲೇ ವ್ಯವಹರಿಸುವವರಿಗೆ ಭಾರತೀಯ ಕಂಪನಿಯ ರೋಮಿಂಗ್ ಪ್ಯಾಕ್ ಕೊಟ್ಟ ಹಣಕ್ಕೆ ತಕ್ಕದ್ದು. ಚೀನಾ ಪಟ್ಟಿಯಲ್ಲಿದೆಯೇ, ಹಾಂಗ್‌ಕಾಂಗ್ ಮೂಲಕ ಹೋಗುವುದಾದರೆ ಅದೂ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ನಾವು ದಂಪತಿ ಆಗಾಗ ಹೋಗಿ ಆರು ತಿಂಗಳು ಉಳಿಯುತ್ತೇವೆ. ಪಿಂಚಣಿ ಖಾತೆಯ ಒಟಿಪಿ ಇಲ್ಲಿನ ಪ್ರೀಪೇಯ್ಡ್ ನಂಬರಿಗೆ ಬರುತ್ತದೆ. ಅಷ್ಟು ದಿನವೂ ರೋಮಿಂಗ್ ಪ್ಯಾಕ್ ಬೇಕೇ?
– ಓದುಗರು, ಮೈಸೂರು

ಉತ್ತರ: ಬೇಕಿಲ್ಲ. ಡೇಟಾಕ್ಕೆ ಮಗಳ ಮನೆಯ ವೈ-ಫೈ ಅಥವಾ ಅಲ್ಲಿನ ಸಿಮ್ ಸಾಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿ ರದ್ದುಪಡಿಸಬಹುದು. ಸಿಮ್‌ನ ಪ್ರೀಪೇಯ್ಡ್ ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನಗಳಂತೆ ನಂಬರನ್ನು ಉಳಿಸಬೇಕು. ಆದರೆ ನಂಬರ್ ಉಳಿದ ಮಾತ್ರಕ್ಕೆ ಒಟಿಪಿ ಬರುತ್ತದೆಂಬ ಭರವಸೆ ಇಲ್ಲ. ಅದಕ್ಕೆ ರೀಚಾರ್ಜ್‌ನ ವ್ಯಾಲಿಡಿಟಿಯೂ ಇರಬೇಕು, ಅಂತರರಾಷ್ಟ್ರೀಯ ರೋಮಿಂಗ್ ಸೇವೆಯೂ ಚಾಲೂ ಆಗಿರಬೇಕು. ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಮಾಡಿದ ತಿದ್ದುಪಡಿಯ ನಂತರ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಮೀಸಲಾದ, 365 ದಿನಗಳವರೆಗಿನ ರೀಚಾರ್ಜ್‌ಗಳು ದೊರೆಯುತ್ತಿವೆ. ನಿಮಗೆ ಒಪ್ಪುವುದು ಅಂಥದ್ದೇ. ಹೊರಡುವ ಮುನ್ನ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ತೆಗೆದುಬಿಡಿ. ಭಾರತದ ನಂಬರಿಗೆ ಬರುವ ಕರೆಯನ್ನು ಅಲ್ಲಿ ಎತ್ತಿಕೊಂಡರೂ ಹಣ ಕಡಿತವಾಗುತ್ತದೆಂಬುದನ್ನು ನೆಂಟರಿಷ್ಟರಿಗೆ ಮೊದಲೇ ತಿಳಿಸಿ, ವಾಟ್ಸಾಪ್‌ನಲ್ಲಿ ಮಾತನಾಡಲು ಹೇಳಿ.

ಪ್ರಶ್ನೆ: ಪ್ರವಾಸ ಮುಗಿದು ಒಂದು ಬಿಲ್ ಕಟ್ಟಿದ ಮೇಲೆ ಮುಂದಿನ ತಿಂಗಳ ಬಿಲ್‌ನಲ್ಲಿ ಮತ್ತೆ ರೋಮಿಂಗ್ ಶುಲ್ಕ ಸೇರಿಸಿದ್ದಾರೆ. ನಾವು ಪ್ರಶ್ನಿಸಬಹುದೇ?
– ಓದುಗರು, ಮಂಗಳೂರು

ಉತ್ತರ: ವಿದೇಶಿ ಕಂಪನಿಯಿಂದ ಲೆಕ್ಕ ತಡವಾಗಿ ಬರುವುದರಿಂದ ಶುಲ್ಕ ಮುಂದಿನ ಬಿಲ್‌ಗೆ ಸೇರುವುದುಂಟು, ತಡವಾಯಿತೆಂಬ ಒಂದೇ ಕಾರಣಕ್ಕೆ ಅದು ತಪ್ಪು ಲೆಕ್ಕವಾಗುವುದಿಲ್ಲ. ದಿನಾಂಕ, ಸಮಯ, ದೇಶ, ಬಳಕೆಯ ಪ್ರಮಾಣ ಇರುವ ವಿವರವಾದ ಬಿಲ್ ಕೇಳಿ ಪಡೆಯಿರಿ. ಪ್ಯಾಕ್ ಚಾಲೂ ಆದ ಎಸ್‌ಎಂಎಸ್ ಮತ್ತು ಬೋರ್ಡಿಂಗ್ ಪಾಸ್‌ಗಳೊಂದಿಗೆ ಅದನ್ನು ತಾಳೆ ನೋಡಿ. ಹೊಂದದಿದ್ದರೆ ಕಂಪನಿಯ ದೂರು ಕೇಂದ್ರಕ್ಕೆ ದೂರಿತ್ತು ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಪಡೆಯಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಮನವಿ ಸಲ್ಲಿಸಬಹುದು. ಮೊಬೈಲ್ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕರ ಆಯೋಗ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಮೇಲ್ಮನವಿಯಲ್ಲೂ ನ್ಯಾಯ ಸಿಗದಿದ್ದರೆ ನೀವು ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಬಹುದು.