ಸಂಗೀತ ಕೇಳಿಸಿ ಮಕ್ಕಳಿಂದ ಅಮೂರ್ತ ಚಿತ್ರ ಬರೆಸುವುದು ಹೇಗೆ?

ಹಾಡು ಬೇಡ, ವಾದ್ಯಸಂಗೀತ ಹಾಕಿ. ಸಾಹಿತ್ಯವಿದ್ದರೆ ಮಕ್ಕಳು ಅದರಲ್ಲಿ ಬರುವ ಚಂದಿರ, ನವಿಲುಗಳನ್ನೇ ಬರೆಯುತ್ತಾ ಕೂರುತ್ತಾರೆ. ನನ್ನ ಆಯ್ಕೆ ಮೃದಂಗದ ತನಿ ಆವರ್ತನ (ಕಛೇರಿಯಲ್ಲಿ ಹಾಡು ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗ): ಎಡಗಡೆಯ ಗುಮ್ಕಿಗೆ, ಅಂದರೆ ಗುಂಯ್ ಎನ್ನುವ ತಗ್ಗು ದನಿಗೆ, ಕ್ರೇಯಾನ್ ಅಡ್ಡ ಹಿಡಿದು ಉಜ್ಜುವುದು, ಬಲಗಡೆಯ ಚುರುಕು ಪೆಟ್ಟಿಗೆ ಚುಕ್ಕೆ ಇಡುವುದು. ವೀಣೆಯ ಗಮಕಕ್ಕಾದರೆ, ಅಂದರೆ ಸ್ವರ ತೂಗುವುದಕ್ಕಾದರೆ, ಗೆರೆ ತಾನಾಗಿಯೇ ಬಳುಕುತ್ತದೆ.

ಡ್ರಾಯಿಂಗ್ ಶೀಟಿನ ನಾಲ್ಕೂ ಮೂಲೆಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಇಲ್ಲದಿದ್ದರೆ ಜಾರುತ್ತದೆ. ಮೊದಲ ಸಲ ಕಣ್ಣು ಮುಚ್ಚಿ ಕೇಳುತ್ತಾ ಬೆರಳಿನಿಂದ ಗಾಳಿಯಲ್ಲಿ ಬರೆಯಲಿ. ಅದನ್ನೇ ಮತ್ತೆ ಹಾಕಿ, ಎರಡು ಮೂರು ಬಣ್ಣದ ಕ್ರೇಯಾನ್ ಮಾತ್ರ ಕೊಡಿ. ಆಮೇಲೆ ತೆಳುವಾಗಿ ಜಲವರ್ಣ ಬಳಿಸಿದರೆ ಮೇಣದ ಗೆರೆಗಳು ನೀರು ಹಿಡಿಯದೆ ಎದ್ದು ಕಾಣುತ್ತವೆ. ಮಕ್ಕಳು ಖುಷಿಯಿಂದ ಕಿರುಚುವುದು ಇಲ್ಲೇ!

ಅಮೂರ್ತ ಚಿತ್ರಗಳಿಗೆ ಹೆಸರಾದ ರಷ್ಯನ್ ಕಲಾವಿದ ಕ್ಯಾಂಡಿನ್‌ಸ್ಕಿ 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ರಚನೆಕಾರ ಶೋನ್‌ಬರ್ಗ್ ಸಂಗೀತದ ಕಛೇರಿ ಕೇಳಿ ಬರೆದ ಚಿತ್ರವನ್ನೂ ತೋರಿಸಬಹುದು. ದೊಡ್ಡ ಹಳದಿ ರಾಶಿ, ಪಿಯಾನೋದ ಕರಿ ಆಕಾರ. ಆದರೆ ಕೊನೆಗೆ ತೋರಿಸಿ. ಮೊದಲೇ ತೋರಿಸಿದರೆ ಎಲ್ಲರ ಹಾಳೆಯೂ ಹಳದಿಯಾಗುತ್ತದೆ.

"ಇದೇನು?" ಅಂತ ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ಅದು ಆನೆಯೋ ಮನೆಯೋ ಆಗಿಬಿಡುತ್ತದೆ. "ಈ ಗೆರೆ ಬರೆಯುವಾಗ ಯಾವ ಸದ್ದು ಬರ್ತಿತ್ತು?" ಅಂತ ಕೇಳಿ.